ವೀಸಾ ಬಂತು ಸರಿ, ಯಾವ ವೀಸಾ?

ಕಾಸರಗೋಡು: ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯ ಮನೆಗಳಲ್ಲಿ ‘ವೀಸಾ ಬಂತು’ ಎಂಬ ಸುದ್ದಿ ಬಿದ್ದರೆ ಸಾಕು, ಮುಂದಿನ ಮಾತೆಲ್ಲ ಟಿಕೆಟಿನದು. ಮಂಗಳೂರಿನಿಂದ ಹೊರಡುವುದೋ ಕಣ್ಣೂರಿನಿಂದಲೋ, ಹಣಕ್ಕೆ ಯಾರ ಚಿನ್ನ ಅಡವಿಡುವುದು, ಇಷ್ಟೇ. ಬಂದಿರುವುದು ಯಾವ ವೀಸಾ ಎಂದು ಕೇಳುವವರು ಕಡಿಮೆ. ಹೋದವನಿಗೆ ಸಂಬಳ ಸಿಗದಿದ್ದರೆ ದೂರು ಕೊಡಲು ಆಗುತ್ತದೆಯೇ, ಬೇರೆ ಕಡೆ ಕೆಲಸಕ್ಕೆ ಸೇರಬಹುದೇ, ಮನೆಯಲ್ಲಿ ತಾಯಿಗೆ ಹುಷಾರಿಲ್ಲ ಎಂದಾಗ ಊರಿಗೆ ಬಂದು ಹೋಗಬಹುದೇ ಎಂಬುದೆಲ್ಲ ನಿರ್ಧಾರವಾಗುವುದು ಆ ಕಾಗದದಲ್ಲಿ ಬರೆದಿರುವ ಎರಡು ಮೂರು ಪದಗಳಿಂದ.

ಮೊದಲಿಗೆ ವಲಸೆಗೂ ಗಲ್ಫ್ ಉದ್ಯೋಗಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು. ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳು ವಯಸ್ಸು, ಓದು, ಭಾಷೆ, ಅನುಭವಗಳಿಗೆ ಅಂಕ ಹಾಕಿ ಹೊರಗಿನವರನ್ನು ಖಾಯಂ ವಾಸಕ್ಕೆ ತೆಗೆದುಕೊಳ್ಳುತ್ತವೆ. ಮುಂದೆ ಪೌರತ್ವಕ್ಕೂ ಅಲ್ಲಿ ದಾರಿ ಇದೆ. ಸೌದಿ ಅರೇಬಿಯಾ, ಯುಎಇ, ಕತಾರ್, ಒಮಾನ್, ಕುವೈತ್, ಬಹರೈನ್ ಈ ಆರು ರಾಷ್ಟ್ರಗಳ ರೀತಿ ಬೇರೆ. ಇಲ್ಲಿ ಸಾಮಾನ್ಯ ಕೆಲಸಗಾರನಿಗೆ ಸಿಗುವುದು ಕೆಲಸ ಇರುವಷ್ಟು ದಿನ ಇರಲು ಅನುಮತಿ. ಮೂವತ್ತು ವರ್ಷ ದುಡಿದರೂ ಕೊನೆಗೆ ಊರಿಗೆ ಮರಳಲೇಬೇಕು. ಅನುಮತಿಯ ಹೊಣೆ ಹೊರುವವನು ಕಫೀಲ್, ಅಂದರೆ ಪ್ರಾಯೋಜಕ. ನಮ್ಮವರ ಬಾಯಲ್ಲಿ ಆತ ‘ಅರಬಿ’. ಕೆಲಸಗಾರನ ಇಕಾಮ, ಅಂದರೆ ವಾಸದ ಗುರುತುಚೀಟಿ, ಆ ಪ್ರಾಯೋಜಕನ ಹೆಸರಿಗೆ ಗಂಟು ಬಿದ್ದಿರುತ್ತದೆ.

ಈ ಗಂಟಿನಿಂದಲೇ ಹುಟ್ಟಿಕೊಂಡದ್ದು ‘ಫ್ರೀ ವೀಸಾ’. ಉತ್ತರ ಭಾರತದವರು ಇದನ್ನೇ ‘ಆಜಾದ್ ವೀಸಾ’ ಎನ್ನುತ್ತಾರೆ. ‘ಫ್ರೀ ವೀಸಾ ಸಿಕ್ಕಿದೆ, ಅಲ್ಲಿಗೆ ಹೋಗಿ ಇಷ್ಟ ಬಂದ ಕೆಲಸ ಮಾಡಬಹುದು’ ಎಂದು ಏಜೆಂಟ್ ಹೇಳುವ ಈ ಹೆಸರಿನ ವೀಸಾ ಗಲ್ಫಿನ ಯಾವ ದೇಶದ ಕಾನೂನಿನಲ್ಲಿಯೂ ಇಲ್ಲ. ನಡೆಯುವುದು ಇಷ್ಟು. ಒಂದು ಸಣ್ಣ ಅಂಗಡಿಯ ಮಾಲೀಕ ತನಗೆ ಬೇಕಾದ್ದಕ್ಕಿಂತ ಹೆಚ್ಚು ಜನರ ಹೆಸರಿನಲ್ಲಿ ಪರವಾನಗಿ ತೆಗೆದು ಉಳಿದವನ್ನು ಮಾರುತ್ತಾನೆ. ಕೈಯಿಂದ ಕೈಗೆ ದಾಟಿ ಅದು ಊರಿಗೆ ಬರುವಾಗ ಬೆಲೆ ಲಕ್ಷಗಟ್ಟಲೆ ಆಗಿರುತ್ತದೆ. ಕಾಗದದಲ್ಲಿ ಆ ಅಂಗಡಿಯ ಕೆಲಸಗಾರನಾಗಿರುವ ಹುಡುಗ ನಿಜದಲ್ಲಿ ಬೇರೆ ಎಲ್ಲೋ ಟೈಲ್ಸ್ ಹಾಕುತ್ತಿರುತ್ತಾನೆ ಅಥವಾ ಕೆಫೆಟೇರಿಯಾದಲ್ಲಿ ಚಹಾ ಮಾಡುತ್ತಿರುತ್ತಾನೆ. ಇಕಾಮ ನವೀಕರಣಕ್ಕೆಂದು ಅರಬಿಗೆ ಪ್ರತಿವರ್ಷ ಬೇರೆ ಹಣ ಕೊಡಬೇಕು.

ಎಲ್ಲ ಸರಿಯಾಗಿ ನಡೆದರೆ ಇದರಲ್ಲಿಯೂ ನಾಲ್ಕು ಕಾಸು ಉಳಿಸಿ ಮನೆ ಕಟ್ಟಿದವರಿದ್ದಾರೆ. ಅವರನ್ನು ನೋಡಿಯೇ ಉಳಿದವರು ಹೊರಡುತ್ತಾರೆ. ಆದರೆ ಕೆಲಸ ಕೊಟ್ಟವನು ಸಂಬಳ ತಡೆದರೆ ಈ ಹುಡುಗ ಕಾರ್ಮಿಕ ನ್ಯಾಯಾಲಯದ ಮುಂದೆ ನಿಲ್ಲುವುದು ಕಷ್ಟ, ಅಲ್ಲಿ ದುಡಿದದ್ದೇ ಕಾನೂನುಬಾಹಿರ. ಅರಬಿ ಮುನಿದು ‘ಕೆಲಸ ಬಿಟ್ಟು ಓಡಿಹೋದ’ ಎಂದು ದೂರು ದಾಖಲಿಸಿದರಂತೂ ಕಥೆ ಮುಗಿಯಿತು. ಸೌದಿಯಲ್ಲಿ ಇದಕ್ಕೆ ‘ಹುರೂಬ್’ ಎನ್ನುತ್ತಾರೆ. ಬಿದ್ದ ಮೇಲೆ ಇಕಾಮ ಬರೀ ಪ್ಲಾಸ್ಟಿಕ್ ತುಂಡು. 2013ರಲ್ಲಿ ಸೌದಿ ಸರ್ಕಾರ ‘ನಿತಾಕತ್’ ಹೆಸರಿನಲ್ಲಿ ತಪಾಸಣೆ ಬಿಗಿ ಮಾಡಿ ನವೆಂಬರ್ 3ರವರೆಗೆ ಗಡುವು ಕೊಟ್ಟಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಬೇಕಾಯಿತು. ಅವರಲ್ಲಿ ‘ಫ್ರೀ ವೀಸಾ’ದವರು ಬಹಳ ಮಂದಿ.

ಇನ್ನೊಂದು ಗುಂಡಿ ವಿಸಿಟ್ ವೀಸಾ. ದುಬೈಗೆ 30 ಅಥವಾ 60 ದಿನದ ವಿಸಿಟ್‌ನಲ್ಲಿ ಹೋಗಿ ಕೆಲಸ ಹುಡುಕುವುದು ಗಡಿನಾಡಿನಲ್ಲಿ ಹಳೆಯ ರೂಢಿ. ಹುಡುಕುವುದು ತಪ್ಪಲ್ಲ. ಕೆಲಸ ಸಿಕ್ಕಿದ ಬಳಿಕ ಕಂಪನಿ ಉದ್ಯೋಗ ಪರವಾನಗಿ ಮಾಡಿಕೊಡಬಹುದು. ಪರವಾನಗಿ ಕೈಗೆ ಬರುವ ಮೊದಲೇ ‘ಟ್ರಯಲ್’ ಎಂದು ದುಡಿಸಿಕೊಳ್ಳುವುದು ಮಾತ್ರ ಅಪರಾಧ. ಹೀಗೆ ದುಡಿಸಿದ ಮಾಲೀಕನಿಗೆ ಯುಎಇ 2024ರಲ್ಲಿ ದಂಡವನ್ನು 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ಏರಿಸಿದೆ. ದುಡಿದವನಿಗೆ ಗಡೀಪಾರಿನ ಭಯ. ಅವಧಿ ಮುಗಿದ ಮೇಲೂ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ, ನೂರು ದಿನಕ್ಕೆ 5,000 ಆಯಿತು. 2018ರಲ್ಲಿಯೂ 2024ರಲ್ಲಿಯೂ ಅಲ್ಲಿನ ಸರ್ಕಾರ ಕ್ಷಮಾದಾನ ಘೋಷಿಸಿ ದಂಡವಿಲ್ಲದೆ ಹೊರಹೋಗಲು ಬಿಟ್ಟಿತ್ತು ನಿಜ. ಮುಂದಿನದು ಯಾವಾಗ ಎಂದು ಲೆಕ್ಕ ಹಾಕಿ ಕುಳಿತುಕೊಳ್ಳುವುದು ಲಾಟರಿ ನಂಬಿ ಸಾಲ ಮಾಡಿದ ಹಾಗೆ. ಪದವೀಧರರಿಗೆ, ನುರಿತವರಿಗೆ ಕೆಲಸ ಹುಡುಕಲೆಂದೇ 60, 90, 120 ದಿನಗಳ ಪ್ರತ್ಯೇಕ ವೀಸಾ 2022ರಿಂದ ಇದೆ. ಪ್ರಾಯೋಜಕ ಬೇಕಿಲ್ಲ. ಊರಿನ ಏಜೆಂಟರು ಇದರ ಸುದ್ದಿ ಎತ್ತುವುದು ಅಪರೂಪ, ಅದರಲ್ಲಿ ಅವರಿಗೆ ಉಳಿಯುವುದು ಏನೂ ಇಲ್ಲ.

ಕುವೈತಿಗೆ ಹೋಗುವವರು ನೋಡಬೇಕಾದದ್ದು ಒಂದು ಸಂಖ್ಯೆ. 18 ಎಂದಿದ್ದರೆ ಖಾಸಗಿ ಕಂಪನಿಯ ಕೆಲಸ. 20 ಎಂದಿದ್ದರೆ ಮನೆಗೆಲಸ, ಅದೇ ‘ಖಾದಿಂ ವೀಸಾ’. ಮನೆ ಡ್ರೈವರ್ ಕೂಡ ಇದರಲ್ಲೇ ಬರುತ್ತಾನೆ. ಅಂಗಡಿ ಕೆಲಸವೆಂದು ಹೇಳಿ 20ರಲ್ಲಿ ಕಳುಹಿಸಿದರೆ ಅಂಗಡಿಗೆ ಕಾಲಿಟ್ಟ ದಿನದಿಂದಲೇ ಕಾನೂನು ಮುರಿದಂತೆ. 2024ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎರಡು ತಿಂಗಳು ಮಾತ್ರ 20ರಿಂದ 18ಕ್ಕೆ ಬದಲಾಗಲು ಕುವೈತ್ ಬಾಗಿಲು ತೆರೆದಿತ್ತು, ಅದಕ್ಕೂ ಮನೆಯ ಯಜಮಾನನ ಒಪ್ಪಿಗೆ ಬೇಕಿತ್ತು.

ಈಚಿನ ವರ್ಷಗಳಲ್ಲಿ ಕಾನೂನು ಕೆಲಸಗಾರನ ಕಡೆಗೂ ಸ್ವಲ್ಪ ವಾಲಿದೆ ಎಂಬುದನ್ನು ಹೇಳಲೇಬೇಕು. ಹಳೆಯ ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಲು ಕತಾರ್ 2020ರಲ್ಲಿ ಅವಕಾಶ ಕೊಟ್ಟಿತು. ತಿಂಗಳಿಗೆ ಕನಿಷ್ಠ 1,000 ರಿಯಾಲ್ ವೇತನವನ್ನು 2021ರಲ್ಲಿ ಜಾರಿಗೆ ತಂದಿತು. ಸೌದಿಯ ಸುಧಾರಣೆ 2021ರ ಮಾರ್ಚ್ 14ರಿಂದ ಆರಂಭವಾಯಿತು, ಆದರೆ ಮನೆಗೆಲಸದವರನ್ನೂ ಮನೆ ಡ್ರೈವರ್‌ಗಳನ್ನೂ ಅದು ಹೊರಗಿಟ್ಟಿತು. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಮಾಲೀಕನದು, ಅದನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ, ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವಂತಿಲ್ಲ. ಇವೆಲ್ಲ ಸಿಗುವುದು ಯಾರ ಹೆಸರಿನ ವೀಸಾದಲ್ಲಿ ಹೋಗಿದ್ದಾರೋ ಅಲ್ಲಿಯೇ ದುಡಿಯುವವರಿಗೆ.

ನಮ್ಮ ದೇಶದ ಕಡೆಯಿಂದಲೂ ಒಂದು ಬೇಲಿ ಇದೆ. 1983ರ ವಲಸೆ ಕಾನೂನಿನಂತೆ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂದು ಮುದ್ರೆ ಇರುತ್ತದೆ. ಇಂಥವರು ಆರು ಗಲ್ಫ್ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇ-ಮೈಗ್ರೇಟ್ ಮೂಲಕ ಸರ್ಕಾರದ ಅನುಮತಿ ಪಡೆಯಬೇಕು. ಆಗ ಕರಾರುಪತ್ರ ದಾಖಲೆಗೆ ಸೇರುತ್ತದೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಇಸಿಆರ್ ಪಾಸ್‌ಪೋರ್ಟಿನವರನ್ನು ವಿಸಿಟ್ ವೀಸಾದಲ್ಲಿ ಕಳುಹಿಸುವುದರ ಗುಟ್ಟೂ ಇದೇ. ‘ನೋಡಿ ಬರಲು ಹೋಗುತ್ತಿದ್ದೇನೆ’ ಎಂದರೆ ಅನುಮತಿ ಬೇಡ, ಬೇಲಿ ಹಾರಿದಂತಾಯಿತು. ವಿಮೆಯೂ ಇಲ್ಲ, ದಾಖಲೆಯೂ ಇಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಈ ಅನುಮತಿಯ ತೊಂದರೆ ಇಲ್ಲ. ಅದನ್ನೇ ತಿರುಗಿಸಿ ನೋಡಿದರೆ ಅವರ ಕರಾರುಪತ್ರವನ್ನು ಹೊರಡುವ ಮೊದಲು ಯಾವ ಅಧಿಕಾರಿಯೂ ನೋಡುವುದಿಲ್ಲ. ನಮ್ಮ ಕಡೆಯಿಂದ ಈಗ ಹೊರಡುವ ಹುಡುಗರಲ್ಲಿ ಹೆಚ್ಚಿನವರು ಇದೇ ಗುಂಪಿನವರು.

ಏಜೆಂಟನ ವಿಷಯ. ನೋಂದಾಯಿತ ನೇಮಕಾತಿ ಸಂಸ್ಥೆ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 35,400. ರಶೀದಿ ಕೇಳಿ ಪಡೆಯಬೇಕು. ಸಂಸ್ಥೆಯ ಪರವಾನಗಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಇ-ಮೈಗ್ರೇಟ್ ತಾಣದಲ್ಲಿ ಯಾರೂ ನೋಡಬಹುದು. ನೋಂದಣಿ ಇಲ್ಲದವರ ಪಟ್ಟಿಯೂ ಅಲ್ಲೇ ಇದೆ. ಪರಿಚಯದವನು, ಮಸೀದಿಯಲ್ಲಿಯೋ ದೇವಸ್ಥಾನದಲ್ಲಿಯೋ ದಿನಾ ಸಿಗುವವನು, ಹೇಗೆ ಕೇಳುವುದು ಎಂಬ ಸಂಕೋಚ ಗಡಿನಾಡಿನಲ್ಲಿ ಬಹಳ. ಆ ಸಂಕೋಚಕ್ಕೆ ತೆರುವ ಬೆಲೆಯೂ ಬಹಳ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೊರಟು ಮ್ಯಾನ್ಮಾರಿನ ಸೈಬರ್ ವಂಚನೆ ಶಿಬಿರಗಳಲ್ಲಿ ಸಿಕ್ಕಿಬಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು.

ಹತ್ತು ವರ್ಷದ ಗೋಲ್ಡನ್ ವೀಸಾದ ಚಿತ್ರಗಳು ಮೊಬೈಲಿನಲ್ಲಿ ಓಡಾಡುತ್ತವೆ. ಯುಎಇಯಲ್ಲಿ ಅದು 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಉಳ್ಳವರಿಗೆ, ದೊಡ್ಡ ಸಂಬಳದ ತಜ್ಞರಿಗೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅಷ್ಟೆಲ್ಲ ಬೇಕಿಲ್ಲ. ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ವಸತಿ ಇದ್ದರೆ ಸಾಕು. ಬಾಡಿಗೆ, ಶಾಲೆಯ ಫೀಸು ಕೊಟ್ಟು ಅಷ್ಟರಲ್ಲಿ ಬದುಕಲು ಆಗುತ್ತದೆಯೇ ಎಂಬುದು ಬೇರೆ ಲೆಕ್ಕ.

ಗಡಿಯವರನ್ನು ಕಾಡುವ ಇನ್ನೊಂದು ತೊಡಕು ಸರ್ಟಿಫಿಕೇಟಿನದು. ಪದವಿಗೆ ದೃಢೀಕರಣ ಕೊಡುವುದು ಓದಿದ ರಾಜ್ಯ, ಮನೆ ಇರುವ ರಾಜ್ಯವಲ್ಲ. ಮಂಜೇಶ್ವರದ ಹುಡುಗಿ ಮಂಗಳೂರಿನಲ್ಲಿ ನರ್ಸಿಂಗ್ ಓದಿದ್ದರೆ ಆಕೆಯ ಸರ್ಟಿಫಿಕೇಟಿಗೆ ಕರ್ನಾಟಕ ಸರ್ಕಾರದ ಮುದ್ರೆ ಬೇಕು. ಕೇರಳದಲ್ಲಿ ಓದಿದ್ದರೆ ಕೋಝಿಕ್ಕೋಡಿನ ನೋರ್ಕಾ ಕಚೇರಿಯಲ್ಲಿ ಕೆಲಸ ಆಗುತ್ತದೆ. ಇದು ತಿಳಿಯದೆ ಎರಡೂ ಕಡೆ ಅಲೆದವರಿದ್ದಾರೆ.

ಕಾಸರಗೋಡಿನವರಿಗೆ ದೂರು, ವಿಚಾರಣೆ ಎಲ್ಲಕ್ಕೂ ನೋರ್ಕಾ ರೂಟ್ಸ್ ಇದೆ. ಶುಲ್ಕವಿಲ್ಲದ ದೂರವಾಣಿ ಸಂಖ್ಯೆ 1800 425 3939. ಸರ್ಕಾರಿ ನೇಮಕಾತಿಗೆ ಒಡೆಪೆಕ್ ಸಂಸ್ಥೆ ಇದೆ. ಯುಎಇಗೆ ಹೋಗುವವರು ಸಹಿ ಹಾಕುವ ಮೊದಲು ಆಫರ್ ಲೆಟರನ್ನು ತಮಗೆ ಬರುವ ಭಾಷೆಯಲ್ಲಿ ಕೇಳಬಹುದು. 2016ರಲ್ಲಿ ಅಲ್ಲಿನ ಕಾರ್ಮಿಕ ಸಚಿವಾಲಯ ಹನ್ನೊಂದು ಭಾಷೆಗಳಲ್ಲಿ ಅದರ ನಮೂನೆ ತಂದಿತು. ಅದರಲ್ಲಿ ಕನ್ನಡ ಇಲ್ಲ, ಮಲಯಾಳ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆದವರಿಗೆ ಅಷ್ಟು ಸಾಕು. ಹುದ್ದೆ, ಕಂಪನಿಯ ಹೆಸರು, ಮೂಲ ಸಂಬಳ ಈ ಮೂರೂ ಏಜೆಂಟ್ ಹೇಳಿದ್ದಕ್ಕೆ ಸರಿಹೊಂದುತ್ತವೆಯೇ ಎಂದು ಟಿಕೆಟಿಗೆ ಹಣ ಕಟ್ಟುವ ಮೊದಲು ಓದಿ ನೋಡಬೇಕು.