ಟೂರ್ ಕೆಡುತ್ತದೆ ಎಂಬ ಸಂಕೋಚ

ರಾರಾವಿ, ಸಿರುಗುಪ್ಪ, ಕುರುಗೋಡು ಕಡೆಯವರು ಗೆಳೆಯರ ಜೊತೆ ಎರಡು ದಿನ ಸುತ್ತಿ ಬರಬೇಕೆಂದರೆ ದೂರದ ಊರೇ ಆಗಬೇಕಿಲ್ಲ. ನಸುಕಿನಲ್ಲಿ ಬೈಕ್ ಹತ್ತಿದರೆ ಅಥವಾ ಬಾಡಿಗೆ ಗಾಡಿ ಮಾಡಿಕೊಂಡರೆ ಹಂಪಿ, ಹೊಸಪೇಟೆಯ ಡ್ಯಾಂ, ಹೊಳೆ ದಾಟಿದರೆ ಆನೆಗೊಂದಿ, ಅಂಜನಾದ್ರಿ, ಸಾಣಾಪುರದ ಕೆರೆ. ಇನ್ನೊಂದು ದಿಕ್ಕಿಗೆ ಹೊರಟರೆ ಗಡಿಯಾಚೆಗೆ ಆದೋನಿ, ಮಂತ್ರಾಲಯ. ಬೇಸಿಗೆ ಭತ್ತದ ಕೊಯ್ಲು ಮುಗಿದು ಕೈ ಬಿಡುವಾಗುವುದು, ಕಾಲೇಜಿಗೆ ರಜೆ ಬರುವುದು, ಬಿಸಿಲು ನೆತ್ತಿ ಸುಡುವುದು, ಮೂರೂ ಒಂದೇ ಹೊತ್ತಿಗೆ ಕೂಡಿಬರುತ್ತವೆ. ಇಂಥ ಪ್ರವಾಸಗಳಲ್ಲಿ ಎಷ್ಟೋ ಸಲ ಕೇಳಿಬರುವ ಮಾತೊಂದಿದೆ: 'ಏನಿಲ್ಲ ಬಿಡ್ರಲೇ, ಸ್ವಲ್ಪ ತಲೆ ನೋಯ್ತೈತೆ, ನೀವು ಹೋಗಿ ಬರ್ರಿ.' ಆಡಿದವನು ಗೆಳೆಯರ ಖುಷಿ ಕೆಡಬಾರದೆಂದು ಆಡುತ್ತಾನೆ, ಉಳಿದವರು ಅವನನ್ನು ನಂಬಿ ಮುಂದೆ ನಡೆಯುತ್ತಾರೆ. ಪ್ರವಾಸದಲ್ಲಿ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ಮೊದಲ ಒಂದೆರಡು ಗಂಟೆಯಲ್ಲಿ ಸುಲಭವಾಗಿ ಹತೋಟಿಗೆ ಬರುವಂಥವು. ಆ ಹೊತ್ತನ್ನು ನುಂಗಿಹಾಕುವುದು ಕಾಯಿಲೆಯಲ್ಲ, ಟೂರ್ ಕೆಡಿಸಿದವನು ಎನಿಸಿಕೊಳ್ಳಬಾರದು ಎಂಬ ಸಂಕೋಚ. ಈ ಸಂಕೋಚವನ್ನು ಹೊರಡುವ ಮುಂಚೆಯೇ ಗೆಳೆಯರೆಲ್ಲ ಕೂಡಿ ಮಾತಾಡಿ ತೆಗೆದುಹಾಕಬೇಕು ಎಂಬುದು ನನ್ನ ವಾದ.

ಮೊದಲು ಬಿಸಿಲನ್ನೇ ನೋಡೋಣ. ನಮ್ಮ ಮೈಯ ಶಾಖ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಮೈ ತಣಿಯಲು ಉಳಿಯುವ ದಾರಿ ಒಂದೇ, ಬೆವರು ಆರುವುದು. ಬಿಸಿಲಲ್ಲಿ ಗುಡ್ಡ ಹತ್ತುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆವರು ಹೋಗುತ್ತದೆ. ಅಂಜನಾದ್ರಿಯ 575 ಮೆಟ್ಟಿಲನ್ನು ಮಧ್ಯಾಹ್ನ ಹನ್ನೆರಡಕ್ಕೆ ಹತ್ತುವವನಿಗೆ ಮೇಲಿನಿಂದ ಬಿಸಿಲು, ಸುತ್ತಲಿನ ಬಂಡೆಗಳಿಂದ ಝಳ, ಒಳಗಿನಿಂದ ದುಡಿಯುವ ಸ್ನಾಯುಗಳ ಕಾವು. ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು ಚಹಾ ಕುಡಿದದ್ದು ಬಿಟ್ಟರೆ ಹೊಟ್ಟೆಗೆ ನೀರು ಬಿದ್ದಿಲ್ಲ. ಮದ್ಯ ಸೇರಿದ್ದರೆ ಮೈಯ ನೀರು ಇನ್ನಷ್ಟು ಬೇಗ ಖಾಲಿ. ಮೊದಲು ತಲೆನೋವು, ಸುಸ್ತು, ವಾಕರಿಕೆ, ಕಾಲಿನ ಸೆಳೆತ ಬರುತ್ತವೆ. ಇಲ್ಲಿಯೇ ನಿಂತು ನೆರಳಿಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ. ನಿಲ್ಲದೆ ಹೋದರೆ ಮೈಯ ಒಳಗಿನ ಶಾಖ 40 ಡಿಗ್ರಿ ದಾಟಿ ಮಿದುಳಿನ ಕೆಲಸ ತಪ್ಪುತ್ತದೆ. ಜನ ಸನ್‌ಸ್ಟ್ರೋಕ್ ಎನ್ನುವುದು ಇದನ್ನೇ. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಗೆಳೆಯರು ಅದನ್ನು ತಮಾಷೆಯೆಂದೋ, ಕುಡಿದದ್ದು ಹೆಚ್ಚಾಯಿತೆಂದೋ ತಿಳಿಯುವ ಸಾಧ್ಯತೆ ಬಹಳ.

ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದೇ ವಿವೇಚನೆಯನ್ನು. ಆದ್ದರಿಂದ 'ನಾನು ಚೆನ್ನಾಗಿದ್ದೀನಿ' ಎಂಬ ಅವನ ಮಾತಿಗೆ ಸಾಕ್ಷಿಯ ಬೆಲೆಯಿಲ್ಲ. ತೀರ್ಮಾನ ಮಾಡಬೇಕಾದವರು ಜೊತೆಗಿದ್ದವರು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಯಲಲ್ಲಿ ಕೂತಿದ್ದವರಲ್ಲಿ 14 ಜನ ಬಿಸಿಲಿಗೆ ತೀರಿಕೊಂಡರು. ಅಂದಿನ ಶಾಖ 38 ಡಿಗ್ರಿಯ ಸುತ್ತಮುತ್ತ ಇತ್ತು, ಬಳ್ಳಾರಿ ಸೀಮೆಯವರು ಬೇಸಿಗೆಯೆಂದೇ ಲೆಕ್ಕಕ್ಕೆ ಹಿಡಿಯದಷ್ಟು. ಇದಕ್ಕೆ ಎದುರಾದ ಇನ್ನೊಂದು ಲೆಕ್ಕವೂ ಇದೆ. ಅಮೆರಿಕದ ಫಾಲ್ಮತ್ ಎಂಬಲ್ಲಿ ವರ್ಷಕ್ಕೊಮ್ಮೆ ನಡೆಯುವ ರಸ್ತೆ ಓಟದ 18 ವರ್ಷಗಳ ದಾಖಲೆಯಲ್ಲಿ 274 ಜನಕ್ಕೆ ಬಿಸಿಲಾಘಾತವಾಗಿತ್ತು. ಅಷ್ಟೂ ಜನ ಬದುಕಿದರು. ಅಲ್ಲಿ ಮಾಡಿದ್ದು ಇಷ್ಟೇ: ಬಿದ್ದವರನ್ನು ತಡಮಾಡದೆ ಅಲ್ಲೇ ತಣ್ಣೀರಿನ ತೊಟ್ಟಿಗೆ ಇಳಿಸಿದರು. ಹಾದಿಯಲ್ಲಿ ಸಿಕ್ಕಿಬಿದ್ದ ಗೆಳೆಯರಿಗೆ ತೊಟ್ಟಿ ಸಿಗದು. ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು, ಟವೆಲ್ಲಿನಿಂದ ಗಾಳಿ ಬೀಸುತ್ತ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡುವುದು ಯಾರ ಕೈಲಾದರೂ ಆಗುತ್ತದೆ. ತಣಿಸುವ ಕೆಲಸ ಆಂಬುಲೆನ್ಸ್ ಬರುವ ಮುಂಚೆಯೇ ಶುರುವಾಗಬೇಕು. ಇದು ಜ್ವರವಲ್ಲವಾದ್ದರಿಂದ ಪ್ಯಾರಾಸಿಟಮಾಲ್ ಮಾತ್ರೆ ಕೆಲಸಕ್ಕೆ ಬರುವುದಿಲ್ಲ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಲೇಬಾರದು.

ಅಷ್ಟು ಜನ ಜೊತೆಗಿರುವಾಗ ಯಾರಾದರೊಬ್ಬರು ಗಮನಿಸದೇ ಇರುತ್ತಾರೆಯೇ ಎಂದು ಕೇಳಬಹುದು. ಗಮನಿಸುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. 1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನೋವಿಜ್ಞಾನಿಗಳು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳು ಕೂತು ಪ್ರಶ್ನಾವಳಿ ತುಂಬುತ್ತಿದ್ದ ಕೋಣೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಕೂತಿದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಹೊಗೆ ಕಂಡರೂ ಕಾಣದವರಂತೆ ಬರೆಯುತ್ತ ಕೂರುವ ಇಬ್ಬರನ್ನು ಪಕ್ಕದಲ್ಲಿ ಕೂರಿಸಿದಾಗ ತಿಳಿಸಿದವರು ನೂರಕ್ಕೆ 10 ಮಾತ್ರ. ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು, ಕೈಯಿಂದ ಹೊಗೆ ಸರಿಸಿಕೊಂಡು ಬರೆಯುತ್ತಲೇ ಇದ್ದರು. ಪಕ್ಕದವನು ಸುಮ್ಮನಿದ್ದಾನೆ ಎಂದ ಮೇಲೆ ಅಂಥದ್ದೇನೂ ಇರಲಿಕ್ಕಿಲ್ಲ ಎಂದು ಪ್ರತಿಯೊಬ್ಬನೂ ಲೆಕ್ಕ ಹಾಕಿದ್ದ. ಅವರೆಲ್ಲ ಅಪರಿಚಿತರು, ಗೆಳೆಯರ ಮಾತೇ ಬೇರೆ ಎನ್ನುವ ಆಕ್ಷೇಪದಲ್ಲಿ ಹುರುಳಿದೆ. ಮರುವರ್ಷ ಲಟಾನೆ ಮತ್ತು ಜೂಡಿತ್ ರೋಡಿನ್ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಹೆಂಗಸೊಬ್ಬಳು ಬಿದ್ದು ನರಳುವ ಸದ್ದು ಕೇಳಿಸಿದಾಗ ಒಬ್ಬರಿಗೊಬ್ಬರು ಪರಿಚಯವಿಲ್ಲದ ಜೋಡಿಗಳಲ್ಲಿ ನೂರಕ್ಕೆ 40 ಜೋಡಿಗಳಿಂದ ನೆರವು ಬಂತು. ಗೆಳೆಯರ ಜೋಡಿಗಳಲ್ಲಿ ನೂರಕ್ಕೆ 70ರಿಂದ. ಸ್ನೇಹದ ಬಲ ಇಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಒಬ್ಬಂಟಿಯಾಗಿದ್ದವರಲ್ಲೂ ನೂರಕ್ಕೆ 70 ಮಂದಿಯೇ ನೆರವಿಗೆ ಹೋಗಿದ್ದರು. ಅಂಥ ಇಬ್ಬರು ಸೇರಿದರೆ ಲೆಕ್ಕದ ಪ್ರಕಾರ ನೂರಕ್ಕೆ 91 ಸಲ ನೆರವು ಸಿಗಬೇಕು. ಗೆಳೆಯರೂ ಅಷ್ಟಕ್ಕೆ ಮುಟ್ಟಲಿಲ್ಲ. ಹೀಗಾಗಿ ಒಬ್ಬನ ಮೇಲೆ ಹೊಣೆ ಇಡುವುದು ಒಳ್ಳೆಯದು. ಹಣದ ಲೆಕ್ಕ ಇಡಲು ಒಬ್ಬನನ್ನು ಗೊತ್ತುಮಾಡುತ್ತೇವಲ್ಲ, ಹಾಗೆಯೇ ಯಾರ ಮುಖ ಬಾಡಿದೆ, ಯಾರು ಮಾತು ಬಿಟ್ಟಿದ್ದಾರೆ ಎಂದು ನೋಡಲು, 'ಈಗ ನಿಲ್ಲೋಣ' ಎನ್ನಲು ಒಬ್ಬನಿರಲಿ. ಅವನ ಮಾತಿಗೆ ಎದುರಾಡುವುದಿಲ್ಲ ಎಂದು ಊರಲ್ಲೇ ಒಪ್ಪಿಕೊಂಡು ಹೊರಡಲಿ.

ಬಿಸಿಲಿನ ಮಾತಿಗೆ ಈ ಸೀಮೆಯವರು ಕೊಡುವ ಉತ್ತರ ಗೊತ್ತಿರುವಂಥದ್ದೇ: ನಾವು ಇದರಲ್ಲೇ ಹುಟ್ಟಿ ಬೆಳೆದವರು, ನಮಗೇನಾಗುತ್ತದೆ? ಮೈ ಬಿಸಿಲಿಗೆ ಒಗ್ಗುತ್ತದೆ ಎಂಬುದು ನಿಜ. ಒಂದೆರಡು ವಾರ ದಿನವೂ ಬಿಸಿಲಲ್ಲಿ ದುಡಿದರೆ ಬೆವರು ಬೇಗ ಸುರಿಯತೊಡಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದರೆ ಅಂಗಡಿಯ ಫ್ಯಾನಿನ ಕೆಳಗೋ ಕಚೇರಿಯ ಎಸಿಯಲ್ಲೋ ಕೂತವನಿಗೆ ಹುಟ್ಟಿದೂರಿನ ಹೆಸರಿನಿಂದ ಆ ಶಕ್ತಿ ಬರುವುದಿಲ್ಲ. ಹೊಲದಲ್ಲಿ ದುಡಿಯುವವರು ಹೊತ್ತು ಹುಟ್ಟುವ ಮುಂಚೆ ಕೆಲಸಕ್ಕಿಳಿದು ಸುಡುಬಿಸಿಲಿಗೆ ಮರದ ನೆರಳು ಸೇರುತ್ತಾರೆ. ಪ್ರವಾಸಕ್ಕೆ ಹೋದವರು ಸರಿಯಾಗಿ ಆ ಹೊತ್ತಿನಲ್ಲೇ ವಿಠ್ಠಲ ದೇವಸ್ಥಾನದ ಬಯಲಲ್ಲಿ ನಿಂತಿರುತ್ತಾರೆ.

ಹೊಟ್ಟೆಯ ವಿಷಯಕ್ಕೆ ಬಂದರೆ ಸಂಕೋಚ ಇನ್ನೂ ಹೆಚ್ಚು, ಭೇದಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಹೆಂಗಸರಿದ್ದರೆ, ಹಾದಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಭೇದಿಯಲ್ಲಿ ಜೀವಕ್ಕೆ ಅಪಾಯ ತರುವುದು ನೀರು ಮತ್ತು ಲವಣದ ನಷ್ಟ. ಅದಕ್ಕೆ ಮದ್ದು ಕಂಡದ್ದು ನಮ್ಮ ನೆಲದಲ್ಲೇ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಹಾಕುವ ಸಲೈನ್ ಮುಗಿದುಹೋದಾಗ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳಿಗೆ ಅವರ ಮನೆಯವರಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಕರುಳು ಉಪ್ಪನ್ನು ಒಳಗೆಳೆದುಕೊಳ್ಳಲು ಗ್ಲೂಕೋಸಿನ ನೆರವು ಬೇಕು, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ದಾರಿ ಮುಚ್ಚುವುದಿಲ್ಲ. ಇಂದಿನ ಓಆರ್‌ಎಸ್ ಪೊಟ್ಟಣ 20.5 ಗ್ರಾಂ ತೂಗುತ್ತದೆ. ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು, ಲೋಟಕ್ಕೆ ಚೂರು ಚೂರು ಉದುರಿಸಿಕೊಂಡರೆ ಪ್ರಮಾಣ ಕೆಡುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆಸರಿನಲ್ಲಿ ಓಆರ್‌ಎಸ್ ಎಂದಿದ್ದು ಒಳಗೆ ಸಕ್ಕರೆ ಪಾನಕವೇ ಇರುವ ಡಬ್ಬಿಗಳು ಬಹಳ ಕಾಲ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳು ಆ ಹೆಸರು ಬಳಸುವುದನ್ನು ನಿಷೇಧಿಸಿತು. ಎಂಟು ಪೊಟ್ಟಣ ಚೀಲದಲ್ಲಿಟ್ಟುಕೊಂಡರೆ ಎರಡು ದಿನದ ಪ್ರವಾಸಕ್ಕೆ ಧಾರಾಳವಾಯಿತು.

ಎದೆನೋವನ್ನು ಗ್ಯಾಸ್ ಎಂದು ಸೋಡ ಕುಡಿಸಿ ಮಲಗಿಸುವುದಂತೂ ನಿಲ್ಲಲೇಬೇಕು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಬೇಗ ತಲುಪಿದಷ್ಟೂ ಆ ಚುಚ್ಚುಮದ್ದಿನ ಗುಣ ಹೆಚ್ಚು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ದುಡ್ಡಿನದು. ವಾರಕ್ಕೊಂದು ರಜೆ ಸಿಗುವ ರೈಸ್ ಮಿಲ್ಲಿನ ಹುಡುಗ ತಿಂಗಳುಗಟ್ಟಲೆ ಕೂಡಿಟ್ಟು ಬಂದಿರುತ್ತಾನೆ. ಒಬ್ಬನಿಗೆ ತಲೆ ಸುತ್ತಿತೆಂದು ಎಲ್ಲರೂ ತಿರುಗಿಬಿಡಬೇಕೇ, ಆಸ್ಪತ್ರೆಯ ಬಿಲ್ಲು ಕಟ್ಟುವವರು ಯಾರು? ತಿರುಗಬೇಕೆಂದು ನಾನು ಹೇಳುತ್ತಿಲ್ಲ. ಅರ್ಧ ಗಂಟೆ ಎಲ್ಲರೂ ನೆರಳಲ್ಲಿ ಕೂತು ನೋಡಲಿ, ಚೇತರಿಸಿಕೊಂಡರೆ ಸಂಜೆಯ ತಂಪಿನಲ್ಲಿ ಮುಂದೆ ಹೋಗಲಿ. ಮಾತು ತೊದಲಿದರೆ, ಎದೆ ನೋಯುತ್ತಿದ್ದರೆ, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮಾತ್ರ ಕಾಯುವಂತಿಲ್ಲ. 108ರ ಆರೋಗ್ಯ ಕವಚ 2008ರ ನವೆಂಬರಿನಿಂದ ರಾಜ್ಯದಲ್ಲಿದೆ, ಅದಕ್ಕೆ ಕಾಸಿಲ್ಲ. ಆಂಧ್ರದಲ್ಲೂ ಸಂಖ್ಯೆ ಅದೇ. ರಾರಾವಿಯಿಂದ ಹೊರಟವರು ಒಂದೇ ದಿನದಲ್ಲಿ ಬಳ್ಳಾರಿ, ವಿಜಯನಗರ, ಕೊಪ್ಪಳ ಮೂರು ಜಿಲ್ಲೆಗಳನ್ನು ದಾಟಿರುತ್ತಾರೆ. ನಾವಿರುವುದು ಯಾವ ಊರು, ಯಾವ ತಾಲ್ಲೂಕು ಎಂಬುದನ್ನು ಫೋನಿನಲ್ಲಿ ಮೊದಲು ಹೇಳಬೇಕು. ಖಾಸಗಿ ಬಿಲ್ಲಿನ ಭಯ ಸುಳ್ಳಲ್ಲ. ಹೊರಡುವಾಗಲೇ ಎಲ್ಲರೂ ಇಷ್ಟಿಷ್ಟು ಹಾಕಿ ತೆಗೆದಿಟ್ಟರೆ ಆ ಭಯ ಒಬ್ಬನ ಬಾಯಿ ಕಟ್ಟುವುದಿಲ್ಲ.

ಪ್ರವಾಸ ಮುಗಿದ ಮೇಲೂ ಕಾಯಿಲೆಯ ಲೆಕ್ಕ ಮುಗಿದಿರುವುದಿಲ್ಲ. ಮಲೆನಾಡಿನ ಕಾಡು ಸುತ್ತಿ ಬಂದವರ ಮೈಗೆ ಉಣ್ಣೆ ಹತ್ತಿದ್ದರೆ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಮೂರರಿಂದ ಎಂಟು ದಿನದ ನಂತರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ, ಅದನ್ನು ಕೊಲ್ಲುವ ಔಷಧಿಯಿಲ್ಲ. ಡೆಂಗಿ ನಾಲ್ಕರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ನಿಂತ ನೀರಿಗಿಳಿದವರಿಗೆ ಇಲಿಜ್ವರ ಸಾಮಾನ್ಯವಾಗಿ ಒಂದೆರಡು ವಾರದ ಮೇಲೆ ಬರುತ್ತದೆ. ಅಷ್ಟರಲ್ಲಿ ಪ್ರವಾಸ ಮರೆತುಹೋಗಿರುತ್ತದೆ. ಬಯಲುಸೀಮೆಯ ರೋಗಿಯನ್ನು ನೋಡುವ ವೈದ್ಯರಿಗೆ ಮಂಗನ ಕಾಯಿಲೆ ಹೊಳೆಯಬೇಕಾದರೆ ಅವನು ಸಾಗರ-ತೀರ್ಥಹಳ್ಳಿಗೆ ಹೋಗಿದ್ದ ಸಂಗತಿ ಅವರ ಕಿವಿಗೆ ಬೀಳಬೇಕು. ಡೆಂಗಿ, ಮಂಗನ ಕಾಯಿಲೆ ಎರಡರಲ್ಲೂ ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್, ಬ್ರೂಫೆನ್ ಥರದ ನೋವಿನ ಮಾತ್ರೆ ನುಂಗದೆ ಬರೀ ಪ್ಯಾರಾಸಿಟಮಾಲ್‌ನಲ್ಲಿ ಜ್ವರ ಇಳಿಸಿಕೊಂಡು ಆಸ್ಪತ್ರೆಗೆ ಹೋಗಬೇಕು. ಟೂರಿಗೆಂದು ಮಾಡಿದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಂಚಿಕೊಳ್ಳುವುದು ಮುಗಿದ ಮೇಲೂ ಅದನ್ನು ಮೂರು ವಾರ ಉಳಿಸಿಕೊಳ್ಳಿ. ಒಬ್ಬನಿಗೆ ಜ್ವರ ಬಂದರೆ ಅಲ್ಲಿ ಹಾಕಲಿ. ಜೊತೆ ಹೋದ ಎಂಟು ಜನರಲ್ಲಿ ಮೂವರಿಗೆ ಒಂದೇ ವಾರದಲ್ಲಿ ಜ್ವರ ಎಂದು ಗೊತ್ತಾದರೆ ವೈದ್ಯರು ಯಾವ ರಕ್ತಪರೀಕ್ಷೆ ಬರೆಯಬೇಕೆಂಬುದನ್ನು ಅಲ್ಲಿಯೇ ತೀರ್ಮಾನಿಸಬಲ್ಲರು, ಉಳಿದ ಐವರೂ ಜ್ವರಕ್ಕೆ ಕಾಯದೆ ಮೈಮೇಲೆ ಉಣ್ಣೆ ಕಚ್ಚಿದ ಗುರುತು ಹುಡುಕಿಕೊಳ್ಳಬಲ್ಲರು.