ಹಳೆಯ ಡಬ್ಬಿಗೆ ಹೊಸ ಬಣ್ಣ

ಹಬ್ಬ ಹತ್ತಿರವಾದಂತೆ ಮನೆಯನ್ನು ಸಿಂಗರಿಸಬೇಕೆಂಬ ಆಸೆ ಯಾರಿಗೆ ತಾನೆ ಇರುವುದಿಲ್ಲ? ಆದರೆ ಅಂಗಡಿಯ ಹೂದಾನಿಯ ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗುವ ಗೃಹಿಣಿಯ ಮನೆಯ ಅಟ್ಟದ ಮೇಲೆಯೇ ಹಾಲಿನ ಪುಡಿಯ ಡಬ್ಬಿಗಳು, ಉಪ್ಪಿನಕಾಯಿಯ ಬಾಟಲಿಗಳು, ಹಳೆಯ ವೃತ್ತಪತ್ರಿಕೆಗಳು ರಾಶಿಯಾಗಿ ಬಿದ್ದಿರುತ್ತವೆ. ಒಂದಿಷ್ಟು ಬಣ್ಣ ಬಳಿದರೆ ಇವೇ ಅಲಂಕಾರದ ವಸ್ತುಗಳಾಗಬಲ್ಲವು ಎಂದು ಉತ್ಸಾಹದಿಂದ ಕುಂಚ ಹಿಡಿದವರು ಹಲವರು. ಮೊದಲ ವಾರ ನೆರೆಹೊರೆಯವರೆಲ್ಲ ಮೆಚ್ಚುತ್ತಾರೆ. ತಿಂಗಳು ತುಂಬುವಷ್ಟರಲ್ಲಿ ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಡಬ್ಬಿ ಮತ್ತೆ ಕಸದ ಪಾಲಾಗುತ್ತದೆ. ಬಣ್ಣ ಹಚ್ಚುವುದು ಕೊನೆಯ ಕೆಲಸವೆಂಬುದನ್ನು ಮರೆತುದೇ ಇದಕ್ಕೆ ಕಾರಣ.

ಕುಶಲಕರ್ಮಿಗಳು ಇದನ್ನು ಎಂದೋ ಬಲ್ಲರು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆಯ ಅಂಗಾಂಗಗಳನ್ನು ಕೆತ್ತಿ ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಿಸೆಬೀಜದ ಅಂಟಿನೊಡನೆ ಕಲಸಿದ ‘ಕಿಟ್ಟ’ವನ್ನು ಅದರ ಮೇಲೆ ಲೇಪಿಸುತ್ತಾರೆ. ಬಳಿಕ ಬಿಳಿಯ ಲೇಪನ. ಬಣ್ಣದ ಸರದಿ ಬರುವುದು ಆಮೇಲೆ. ಕಾಶ್ಮೀರದ ಕಾಗದದ ಕಲೆಯಲ್ಲಂತೂ ಈ ಎರಡು ಹಂತಗಳಿಗೆ ಎರಡು ಹೆಸರುಗಳೇ ಇವೆ. ಹಳೆಯ ಕಾಗದವನ್ನು ನೆನೆಸಿ, ಕುಟ್ಟಿ, ಅಂಟು ಸೇರಿಸಿ ಅಚ್ಚಿನ ಮೇಲೆ ಪಾತ್ರೆಯ ರೂಪ ಕೊಡುವುದು ‘ಸಖ್ತ್‌ಸಾಜಿ’. ಅದರ ಮೇಲೆ ಚಿತ್ರ ಬರೆಯುವುದು ‘ನಕ್ಕಾಶಿ’. ನೋಡುಗರ ಕಣ್ಣು ಸೆಳೆಯುವುದು ನಕ್ಕಾಶಿಯಾದರೂ, ಅದನ್ನು ಉಳಿಸುವುದು ಸಖ್ತ್‌ಸಾಜಿಯೇ. ಮನೆಯ ಸಣ್ಣ ಕೈಕೆಲಸಕ್ಕೂ ಈ ನೀತಿ ಸಲ್ಲುತ್ತದೆ.

ಮೊದಲು ತಗಡಿನ ಡಬ್ಬಿಯನ್ನು ನೋಡೋಣ. ಅದನ್ನು ಬಿಸಿನೀರಿನಲ್ಲಿ ನೆನೆಯಿಟ್ಟು ಹೊರಗಿನ ಚೀಟಿಯನ್ನು ತೆಗೆಯಬೇಕು. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಮತ್ತು ಅಡಿಗೆ ಸೋಡ ಬೆರೆಸಿ ಉಜ್ಜಿ, ಸೋಪಿನಿಂದ ಜಿಡ್ಡನ್ನು ಪೂರ್ತಿಯಾಗಿ ತೊಳೆಯಬೇಕು. ಬಾಯಿಯ ಅಂಚು ಹರಿತವಾಗಿದ್ದರೆ ಇಕ್ಕಳದಿಂದ ಒಳಕ್ಕೆ ಮಡಿಸುವುದು ಕ್ಷೇಮ. ಒಣಗಿದ ಮೇಲೆ ಉಪ್ಪುಕಾಗದದಿಂದ ಮೇಲ್ಮೈಯನ್ನು ತುಸು ಒರಟು ಮಾಡಿದರೆ ಬಣ್ಣಕ್ಕೆ ಹಿಡಿತ ಸಿಕ್ಕುತ್ತದೆ. ಬಳಿಕ ಲೋಹಕ್ಕೆ ಹಚ್ಚುವ ಪ್ರೈಮರನ್ನು ಬಳಿದು ಒಂದು ರಾತ್ರಿ ಬಿಡಬೇಕು. ದಪ್ಪನಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪಗಳು ಮೇಲು. ಗಿಡ ನೆಡುವ ಉದ್ದೇಶವಿದ್ದರೆ ಬಣ್ಣಕ್ಕೆ ಮುಂಚೆಯೇ ತಳದಲ್ಲಿ ಮೊಳೆಯಿಂದ ನಾಲ್ಕಾರು ತೂತು ಮಾಡಿಕೊಳ್ಳಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ.

ಗಾಜಿನ ಸ್ವಭಾವವೇ ಬೇರೆ. ಅದು ಬಣ್ಣವನ್ನು ಹೀರದು. ಬೆರಳಿನ ಜಿಡ್ಡು ತಗಲಿದರೂ ಸಾಕು, ಅಲ್ಲಿ ಬಣ್ಣ ನಿಲ್ಲುವುದಿಲ್ಲ. ಆದುದರಿಂದ ತೊಳೆದ ಬಾಟಲಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಆಮೇಲೆ ಮೇಲ್ಮೈಯನ್ನು ಮುಟ್ಟದೆ ಕೆಲಸ ಮಾಡಬೇಕು. ಕುಂಚದ ಗೀಟುಗಳು ಕಾಣದಂತಿರಲು ಸ್ಪಂಜಿನ ತುಂಡಿನಿಂದ ಬಣ್ಣವನ್ನು ತಟ್ಟುವುದು ಸುಲಭದ ಉಪಾಯ. ಕುತ್ತಿಗೆಗೆ ತೆಂಗಿನ ನಾರಿನ ತೆಳು ಹಗ್ಗವನ್ನು ಒತ್ತಾಗಿ ಸುತ್ತಿದರೆ ನೋಟಕ್ಕೆ ಗಾಂಭೀರ್ಯ ಬರುತ್ತದೆ. ಬಣ್ಣವೆಲ್ಲ ಹೊರಮೈಗೆ ಮಾತ್ರ. ಒಳಗೆ ನೀರು ತುಂಬಿ ಮನಿಪ್ಲಾಂಟಿನ ಒಂದು ಕುಡಿಯನ್ನು ಇಡಬಹುದು.

ಎಲ್ಲಕ್ಕಿಂತ ಅಗ್ಗದ ವಸ್ತು ವೃತ್ತಪತ್ರಿಕೆ. ಒಂದು ಲೋಟ ಮೈದಾಹಿಟ್ಟಿಗೆ ನಾಲ್ಕು ಲೋಟ ನೀರು ಸೇರಿಸಿ, ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿದರೆ ಅಂಟು ಸಿದ್ಧ. ಕವುಚಿ ಹಾಕಿದ ಬಟ್ಟಲಿಗೆ ಕೊಬ್ಬರಿ ಎಣ್ಣೆ ಸವರಿ, ಕಾಗದದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಒಂದು ಪದರ ಅಡ್ಡಲಾಗಿ, ಮತ್ತೊಂದು ಉದ್ದವಾಗಿ ಅಂಟಿಸಬೇಕು. ಎರಡೆರಡು ಪದರಗಳಿಗೊಮ್ಮೆ ಒಣಗಿಸುತ್ತ ಎಂಟು ಪದರಗಳಾದರೆ ಗಟ್ಟಿಯಾದ ಬುಟ್ಟಿಯಾಗುತ್ತದೆ. ಹುಳು ಬಾರದಿರಲೆಂದು ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳು ಕೈಹಾಕುವ ಕೆಲಸದಲ್ಲಿ ಅದು ಬೇಡ, ಚೆನ್ನಾಗಿ ಒಣಗಿಸಿದರೆ ಸಾಕು. ಇಂಥ ಬುಟ್ಟಿಯಲ್ಲಿ ತಿಂಡಿಯನ್ನೂ ಇಡಬಾರದು. ಪತ್ರಿಕೆಯ ಶಾಯಿ ಆಹಾರಕ್ಕೆ ತಗಲುವುದು ಆರೋಗ್ಯಕ್ಕೆ ಹಾನಿಯೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಸಿದೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದುದು. ಹಳೆಯ ಕಿಟಕಿಯ ಚೌಕಟ್ಟು, ಅಜ್ಜನ ಕಾಲದ ಪೆಟ್ಟಿಗೆ, ಬಣ್ಣದ ಮಣೆ ಮುಂತಾದವನ್ನು ಹೊಸದು ಮಾಡುವ ಹುರುಪಿನಲ್ಲಿ ಹಲವರು ಉಪ್ಪುಕಾಗದ ಹಿಡಿದು ಉಜ್ಜತೊಡಗುತ್ತಾರೆ. ಹಿಂದಿನ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾಗಿ, 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿರುವಂತೆಯೇ ಉಜ್ಜಿದರೆ ಏಳುವ ಧೂಳು ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಸೇರುತ್ತದೆ. ಎಳೆಯ ಮಿದುಳಿಗೆ ಸೀಸವು ಮಾಡುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಆದುದರಿಂದ ಹಳೆಯ ಬಣ್ಣವಿರುವ ವಸ್ತುವನ್ನು ಉಜ್ಜುವ ಗೋಜಿಗೇ ಹೋಗದಿರುವುದು ಲೇಸು. ಹೊಸ ಬಣ್ಣ ಕೊಳ್ಳುವಾಗಲೂ ನೀರಿನಲ್ಲಿ ಬೆರೆಯುವ, ಸೀಸವಿಲ್ಲವೆಂದು ಡಬ್ಬಿಯ ಮೇಲೆ ಮುದ್ರಿಸಿರುವ ಬಣ್ಣವನ್ನೇ ಆರಿಸಬೇಕು. ನಾಲ್ಕು ಕಾಸಿನ ಉಳಿತಾಯಕ್ಕಾಗಿ ಮನೆಗೆ ವಿಷ ತಂದುಕೊಳ್ಳುವುದು ಜಾಣತನವಲ್ಲ.

ನವರಾತ್ರಿಯ ಬೊಂಬೆಗಳನ್ನು ಕೂರಿಸುವಾಗ ಮನೆಯ ಹಳೆಯ ಟ್ರಂಕು, ಡಬ್ಬಗಳನ್ನೇ ಮೆಟ್ಟಿಲಾಗಿ ಜೋಡಿಸಿ, ಮೇಲೆ ಬಿಳಿಯ ಪಂಚೆ ಹಾಸುವ ವಾಡಿಕೆ ಹಲವು ಮನೆಗಳಲ್ಲಿದೆ. ಇದ್ದುದರಲ್ಲಿಯೇ ಚೆಲುವನ್ನು ಕಾಣುವ ಜಾಣ್ಮೆ ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಈ ಸಲದ ಕೆಳಗಿನ ಮೆಟ್ಟಿಲಿನ ಮೇಲೆ ಮನೆಯ ಮಕ್ಕಳೇ ತೊಳೆದು, ಉಜ್ಜಿ, ತಾಳ್ಮೆಯಿಂದ ಒಣಗಿಸಿ ಬಣ್ಣ ಹಚ್ಚಿದ ಡಬ್ಬಿಯೊಂದು ರಾಗಿಯ ಹಸುರು ಪೈರನ್ನು ಹೊತ್ತು ನಿಂತರೆ, ಬಂದ ಮುತ್ತೈದೆಯರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.