ಹಗುರ ಚಕ್ರ ಕೊಳ್ಳೋ ಮುಂಚೆ ಒಂದು ಲೆಕ್ಕ

ರೋಡ್ ಬೈಕ್ ಕೊಂಡು ಒಂದೆರಡು ವರ್ಷ ಆದವರಿಗೆ ಒಂದು ಚಟ ಅಂಟಿಕೊಳ್ಳುತ್ತೆ: ಗ್ರಾಂ ಲೆಕ್ಕ. ಅದು ಸೀಟಿನಿಂದ ಶುರುವಾಗಿ ಕೊನೆಗೆ ಚಕ್ರದ ಹತ್ತಿರ ಬಂದು ನಿಲ್ಲುತ್ತೆ. ಸೈಕಲ್ ಜೊತೆ ಬರೋ ಮಾಮೂಲಿ ವೀಲ್‌ಸೆಟ್, ಅಂದರೆ ಎರಡೂ ಚಕ್ರ ಸೇರಿ, 1900 ಗ್ರಾಂ ಆಸುಪಾಸು ಇರುತ್ತೆ. ಒಳ್ಳೆ ಕಾರ್ಬನ್ ಜೋಡಿ 1500 ಗ್ರಾಂ. ಈ 400 ಗ್ರಾಂಗೆ ಒಂದು ಲ್ಯಾಪ್‌ಟಾಪ್ ದುಡ್ಡು ಕೊಡಬೇಕಾ? ಬೋನಸ್ ಬಂದ ವಾರ ನಾನೂ ಇದೇ ಪ್ರಶ್ನೆ ಹಿಡಿದು ಕೂತೆ. ಅಮ್ಮ ಮಾತ್ರ, ‘ಬರೀ ಚಕ್ರಕ್ಕೆ ಅಷ್ಟೊಂದಾ? ಅಷ್ಟಕ್ಕೆ ಇನ್ನೊಂದು ಸೈಕಲ್ಲೇ ಬರುತ್ತಲ್ಲೋ’ ಅಂದರು.

ನಂದಿಯ ಹನ್ನೆರಡು ಸೆಕೆಂಡ್

ಮತ್ತಿಕೆರೆ ಕಡೆಯ ಸೈಕಲ್ ಸವಾರರ ಭಾನುವಾರದ ದಾರಿ ಹೆಚ್ಚುಕಮ್ಮಿ ಒಂದೇ: ಹೆಬ್ಬಾಳ, ಯಲಹಂಕ, ದೇವನಹಳ್ಳಿ, ಆಮೇಲೆ ನಂದಿಬೆಟ್ಟ. ಬೆಟ್ಟದ ಎತ್ತರ 1478 ಮೀಟರ್. ಆದರೆ ಬೆಂಗಳೂರೇ 900 ಮೀಟರ್ ಮೇಲಿರೋದರಿಂದ, ಕೊನೆಯ ಏಳೆಂಟು ಕಿ.ಮೀ.ನಲ್ಲಿ ನಾವು ನಿಜವಾಗಿ ಏರೋದು ಸುಮಾರು 450 ಮೀಟರ್.

ನಾನು, ಸೈಕಲ್, ನೀರು ಎಲ್ಲ ಸೇರಿ 82 ಕೆ.ಜಿ. ಅದರಲ್ಲಿ 400 ಗ್ರಾಂ ಅಂದರೆ ಅರ್ಧ ಪರ್ಸೆಂಟ್. ಬೆಟ್ಟ ಹತ್ತೋಕೆ 40 ನಿಮಿಷ ಹಿಡಿದರೆ ಉಳಿಯೋದು 12 ಸೆಕೆಂಡ್!

‘ರಿಮ್‌ನ ತೂಕ ಎರಡರಷ್ಟು ಲೆಕ್ಕ’ ಅಂತಾರಲ್ಲ, ಅದು ಸುಳ್ಳಲ್ಲ. ಆದರೆ ಅದು ವೇಗ ಹೆಚ್ಚಿಸುವಾಗ ಮಾತ್ರ. ಸಿಗ್ನಲ್‌ನಿಂದ ಹೊರಡುವಾಗ ಸೈಕಲ್ ಚುರುಕು ಅನಿಸುತ್ತೆ. ಒಂದೇ ವೇಗದಲ್ಲಿ ಏರು ಹತ್ತುವಾಗ ಗ್ರಾಂ ಅಂದರೆ ಗ್ರಾಂ, ಅಷ್ಟೇ.

ಗಾಳಿ, ಬಿಸಿ, ಗುಂಡಿ

ಸಮತಟ್ಟು ರಸ್ತೆಯಲ್ಲಿ 30 ಕಿ.ಮೀ. ವೇಗ ದಾಟಿದ ಮೇಲೆ ನಮ್ಮ ಶ್ರಮದ ಬಹುಪಾಲು ಗಾಳಿ ಸೀಳೋಕೇ ಹೋಗುತ್ತೆ. ಅಲ್ಲಿ ತೂಕಕ್ಕಿಂತ 45-50 ಮಿ.ಮೀ. ಆಳದ ರಿಮ್ಮೇ ಹೆಚ್ಚು ಸಹಾಯ ಮಾಡೋದು. ಆದರೆ ದೇವನಹಳ್ಳಿ ಕಡೆಯ ಬಯಲಿನಲ್ಲಿ ಅಡ್ಡಗಾಳಿ ಬೀಸಿದಾಗ, ಪಕ್ಕದಲ್ಲಿ ಲಾರಿ ಹೋದಾಗ, ಅದೇ ರಿಮ್ ಹ್ಯಾಂಡಲ್ ಎಳೆಯುತ್ತೆ. ಹಗುರ ಮೈಯವರು ಇದನ್ನ ಯೋಚಿಸಲೇಬೇಕು.

ಇಳಿಯೋದು ಇನ್ನೊಂದು ವಿಷಯ. ರಿಮ್ ಬ್ರೇಕ್ ಇರೋ ಸೈಕಲ್‌ಗೆ ಕಾರ್ಬನ್ ರಿಮ್ ಹಾಕಿ ಬೆಟ್ಟದಿಂದ ಬ್ರೇಕ್ ಹಿಡಿದುಕೊಂಡೇ ಇಳಿದರೆ, ಬಿಸಿಗೆ ರಿಮ್‌ನ ಅಂಟು ಮೆತ್ತಗಾಗಬಹುದು. ಅಂಥವರಿಗೆ ಅಲ್ಯೂಮಿನಿಯಮ್ಮೇ ಕ್ಷೇಮ. ಡಿಸ್ಕ್ ಬ್ರೇಕ್ ಆದರೆ ಈ ಭಯ ಇಲ್ಲ.

ಹುಕ್‌ಲೆಸ್ ರಿಮ್ ಆದರೆ ಒಂದು ಎಚ್ಚರಿಕೆ. ಇದಕ್ಕೆ ಹೊಂದುವ ಟ್ಯೂಬ್‌ಲೆಸ್ ಟೈರೇ ಬೇಕು, ಗಾಳಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಬಾರದು. ರೋಡ್ ಬೈಕ್ ಅಂದ ಕೂಡಲೇ 100 ತುಂಬೋ ಅಭ್ಯಾಸ ಇಲ್ಲಿ ಅಪಾಯ. ಟೈರ್ ರಿಮ್‌ನಿಂದ ಕಿತ್ತು ಬರಬಹುದು.

ಇನ್ನು ಗುಂಡಿ, ಹಂಪ್. ತೂಕ ಇಳಿಸೋಕೆ ಕಂಪನಿಗಳು ಮೊದಲು ಕಡ್ಡಿ ಕಮ್ಮಿ ಮಾಡುತ್ತವೆ. ಇರೋದೇ ಇಪ್ಪತ್ತು ಕಡ್ಡಿ ಆದರೆ, ಒಂದು ಮುರಿದರೂ ಚಕ್ರ ಓಲಾಡಿ ಫ್ರೇಮಿಗೆ ಉಜ್ಜಬಹುದು. ಮನೆಯಿಂದ 40 ಕಿ.ಮೀ. ದೂರದಲ್ಲಿ ಹಾಗಾದರೆ ಉಳಿಯೋದು ಗೂಡ್ಸ್ ಆಟೋ ಮಾತ್ರ.

ನಾನು ಕೊಂಡಿದ್ದು

ಕೊನೆಗೆ 1600 ಗ್ರಾಂನ ಅಲ್ಯೂಮಿನಿಯಂ ಡಿಸ್ಕ್ ವೀಲ್‌ಸೆಟ್ ತಗೊಂಡೆ. ಮುಂದೆ 24 ಕಡ್ಡಿ, ಹಿಂದೆ 28, ಎಲ್ಲಾ ಕಡೆ ಸಿಗೋ ಸಾಮಾನ್ಯ ಕಡ್ಡಿ. ಕಾರ್ಬನ್‌ಗಿಂತ ನೂರು ಗ್ರಾಂ ಜಾಸ್ತಿ, ನಂದಿಯಲ್ಲಿ ಮೂರು ಸೆಕೆಂಡ್ ನಷ್ಟ. ಬೆಲೆ ಮಾತ್ರ ಅರ್ಧಕ್ಕಿಂತ ಕಮ್ಮಿ.

ಉಳಿದ ದುಡ್ಡಲ್ಲಿ 28 ಮಿ.ಮೀ.ನ ಒಳ್ಳೆ ಟೈರ್ ಜೋಡಿ ಬಂತು. ದಪ್ಪ ಟ್ರೈನಿಂಗ್ ಟೈರ್ ಬದಲು ಸಲೀಸಾಗಿ ಉರುಳೋ ಟೈರ್ ಹಾಕಿದರೆ ಸಮತಟ್ಟಲ್ಲಿ ಹತ್ತು ವ್ಯಾಟ್‌ವರೆಗೂ ಉಳಿಯುತ್ತೆ. 200 ವ್ಯಾಟ್ ತುಳಿಯೋವನಿಗೆ ಅದು ಐದು ಪರ್ಸೆಂಟ್. ಅರ್ಧ ಪರ್ಸೆಂಟ್ ಜೊತೆ ಹೋಲಿಸಿ ನೋಡಿ.

ರೇಸ್ ಓಡಿಸುವವರ ಲೆಕ್ಕ ಬೇರೆ. ಅಲ್ಲಿ ಮೂರು ಸೆಕೆಂಡೂ ಪೋಡಿಯಂ ತಪ್ಪಿಸಬಹುದು. ಉಳಿದ ನಾವು ಅಂಗಡಿಯಲ್ಲಿ ‘ಎಷ್ಟು ಗ್ರಾಂ’ ಅನ್ನೋದನ್ನ ಕೊನೆಗಿಟ್ಟು ಮೊದಲು ಮೂರು ಪ್ರಶ್ನೆ ಕೇಳೋಣ: ನನ್ನ ತೂಕ ತಡೆಯುತ್ತಾ? ಕಡ್ಡಿ, ಬೇರಿಂಗ್ ಇಲ್ಲೇ ಸಿಗುತ್ತಾ? ನನ್ನ ಬ್ರೇಕಿಗೆ, ಟೈರಿಗೆ ಹೊಂದುತ್ತಾ?